ಒತ್ತಿದವರೆಲ್ಲ ಕೊಂಡವರಲ್ಲ

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮುಟ್ಟಿ, ಮುರಿದು ನೋಡಿ ಸುಮ್ಮನೆ ಹೋದವನಿಗಾಗಿ ಯಾರೂ ದುಡ್ಡು ತೆರುವುದಿಲ್ಲ. ಗೂಗಲ್ ಹುಡುಕಾಟದ ಜಾಹೀರಾತಿನಲ್ಲಿ ಹಾಗಲ್ಲ; ಗಿರಾಕಿ ಕೊಳ್ಳದಿದ್ದರೂ ಒಂದೊಂದು ಕ್ಲಿಕ್ಕಿಗೂ ಹಣ ಕಟ್ಟಬೇಕು. ಅದಕ್ಕೇ ಎರಡು ಬಗೆಯ ಒಕ್ಕಣೆ ಹಾಕಿ, ಹೆಚ್ಚು ಜನ ಒತ್ತಿದ್ದನ್ನು ಉಳಿಸಿಕೊಳ್ಳಿ ಎಂದು ಹಾವೇರಿ, ರಾಣೆಬೆನ್ನೂರಿನ ಹೆಣ್ಣುಮಕ್ಕಳಿಗೆ ಉಪದೇಶಿಸುವವರಿದ್ದಾರೆ. ಇದು ಅರ್ಧ ಸತ್ಯ. ‘ಬೆಂಕಿಯಂಥ ಖಾರ’ ಎಂದು ಬರೆದರೆ ಒತ್ತುವವರು ಹೆಚ್ಚಾದಾರು. ಆದರೆ 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಕಾಯಿಯ ಹೆಗ್ಗಳಿಕೆ ಬಣ್ಣ, ಖಾರವಲ್ಲ. ಖಾರಕ್ಕೆಂದು ಬಂದವನು ನಮ್ಮ ಹಣ ಕಳೆದು ಹೋಗುತ್ತಾನೆ. ಕೊಂಡರೂ ಮತ್ತೆ ಬರುವುದಿಲ್ಲ. ಅಕ್ಕಂದಿರೇ, ಪರೀಕ್ಷೆ ಮಾಡಿ, ಬೇಡವೆನ್ನುವುದಿಲ್ಲ. ಒಮ್ಮೆಗೆ ಒಂದೇ ಮಾತು ಬದಲಿಸಿ. ಒತ್ತಿದವರನ್ನಲ್ಲ, ಕೊಂಡವರನ್ನು, ತಿರುಗಿ ಬಂದವರನ್ನು ಎಣಿಸಿ. ಸುಳ್ಳು ಮಾತು ಪರೀಕ್ಷೆಯಲ್ಲಿ ಗೆದ್ದರೂ ಅಳಿಸಿಬಿಡಿ.