ಕೆರೆಯ ಅಲೆಗೆ ತಕ್ಕ ಹಲಗೆ

ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದ ಬಳಿಕ, ಗಣಿಯನ್ನು ನಂಬಿದ್ದ ಪೇಟೆಗಳು ಬದುಕಿಗೆ ಬೇರೆ ದಾರಿಗಳನ್ನು ಹುಡುಕಿಕೊಳ್ಳುವುದು ಅನಿವಾರ್ಯವಾಯಿತು. ಪ್ರವಾಸೋದ್ಯಮವು ಅಂತಹ ದಾರಿಗಳಲ್ಲೊಂದು. ಕೆರೆಗಳಲ್ಲಿ ನೀರು ನಿಂತ ವರ್ಷ ಜಲಕ್ರೀಡೆಯ ಯೋಚನೆಯೂ ಅದರೊಂದಿಗೆ ಸೇರಿಕೊಳ್ಳುವುದು ಸಹಜ. 2021ರ ನವೆಂಬರಿನ ಮಳೆಗೆ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಹರಿದವು. 2023ರಲ್ಲಿ ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಅಣೆಕಟ್ಟು ಉದ್ಘಾಟನೆಗೊಂಡಿತು. ಬೆಂಗಳೂರಿನಿಂದ ರೈಲಿನಲ್ಲಿ ಬೆಳಿಗ್ಗೆ ಬಂದು ಸಂಜೆಗೆ ಮರಳಬಹುದಾದ ದೂರದಲ್ಲಿ ವಾಟರ್ ಸ್ಕೀ ಕ್ರೀಡೆಗೆ ಗಿರಾಕಿಗಳು ದೊರೆಯಬಹುದೆಂಬ ಎಣಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಬಂಡವಾಳ ಹೂಡುವ ಮುನ್ನ ಉದ್ಯಮಿಯು ಸ್ಕೀ ಹಲಗೆಯ ಆಯ್ಕೆಯ ಬಗ್ಗೆ ಸರಿಯಾಗಿ ಯೋಚಿಸದಿದ್ದರೆ ಮೊದಲ ಆಷಾಢದಲ್ಲಿಯೇ ನಷ್ಟ ಕಟ್ಟಿಟ್ಟದ್ದು.

ಸಾಮಾನ್ಯವಾಗಿ ಹಲಗೆಯನ್ನು ಆರಿಸುವುದು ಬೆಲೆ ಮತ್ತು ಹೊಳಪನ್ನು ನೋಡಿ. ಹೆಚ್ಚು ಬೆಲೆಯದು ಹೆಚ್ಚು ಒಳ್ಳೆಯದೆಂಬ ನಂಬಿಕೆ ವ್ಯಾಪಾರದ ಇತರ ಎಡೆಗಳಲ್ಲಿ ಎಷ್ಟರಮಟ್ಟಿಗೆ ಸಲ್ಲುವುದೋ, ಇಲ್ಲಂತೂ ಸಲ್ಲದು. ಅತ್ಯಂತ ದುಬಾರಿ ಹಲಗೆಗಳು ಸ್ಪರ್ಧೆಗೆಂದು ರೂಪುಗೊಂಡವು. ಉನ್ನತ ಮಟ್ಟದ ಸ್ಪರ್ಧೆಗಳು ನಡೆಯುವುದು ಬಹುಮಟ್ಟಿಗೆ ಅದಕ್ಕೆಂದೇ ತೋಡಿದ ಉದ್ದನೆಯ, ಕಿರಿದಾದ ಕೊಳಗಳಲ್ಲಿ. ಅಲ್ಲಿನ ದಡಗಳು ದೋಣಿ ಎಬ್ಬಿಸಿದ ಅಲೆಯನ್ನು ನುಂಗಿಕೊಳ್ಳುವಂತೆ ಇಳಿಜಾರಾಗಿರುತ್ತವೆ. ನೀರು ಕನ್ನಡಿಯಂತಿರುವ ಅಲ್ಲಿ ಪುರುಷರ ಸ್ಪರ್ಧೆಯ ವೇಗ ಗಂಟೆಗೆ 58 ಕಿಲೋಮೀಟರ್, ಮಹಿಳೆಯರದು 55.

ಕೋಲಾರ ಸೀಮೆಯ ಕೆರೆಯ ಸ್ವಭಾವವೇ ಬೇರೆ. ಅದು ಅಗಲವಾಗಿಯೂ ಆಳವಿಲ್ಲದೆಯೂ ಇರುವ ತಟ್ಟೆಯಂಥದು. ಆಳವೆಲ್ಲ ಏರಿಯ ಮಗ್ಗುಲಲ್ಲಿ, ತೂಬಿನ ಸುತ್ತಮುತ್ತ. ಅಂಗಳದ ಕಡೆಗೆ ಸಾಗಿದಂತೆ ಮೊಣಕಾಲುದ್ದದ ನೀರು. ತೆರೆದ ನೀರಿನ ಮೇಲೆ ಗಾಳಿ ಎಷ್ಟು ದೂರ ಓಡುವುದೋ ಅಷ್ಟು ಅಲೆ ಬೆಳೆಯುತ್ತದೆ; ಆಳ ಕಡಿಮೆಯಾದಷ್ಟೂ ಆ ಅಲೆ ಗಿಡ್ಡವಾಗಿ, ಕಡಿದಾಗಿ, ಒತ್ತೊತ್ತಾಗಿ ಏಳುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೀಸುವ ಪಡುವಣ ಗಾಳಿಗೆ ಇಂತಹ ಕೆರೆಯ ಮೇಲ್ಮೈ ಮಧ್ಯಾಹ್ನದ ಹೊತ್ತಿಗೆ ಉತ್ತ ಹೊಲದಂತಾಗುತ್ತದೆ. ಆಳಕ್ಕಾಗಿ ದೋಣಿಯು ಏರಿಯ ಬಳಿಯೇ ಓಡಬೇಕು. ಏರಿಯ ಕಲ್ಲುಕಟ್ಟಡಕ್ಕೆ ಬಡಿದ ಅಲೆ ಪೂರ್ತಿ ಸಾಯದೆ ಒಂದಂಶ ಹಿಂದಿರುಗಿ, ಹೊಸ ಅಲೆಯನ್ನು ಅಡ್ಡಹಾಯುತ್ತದೆ. ಸ್ಕೀ ಮಾಡುವವನು ತನ್ನದೇ ದೋಣಿ ಎರಡು ನಿಮಿಷದ ಹಿಂದೆ ಎಬ್ಬಿಸಿದ ಅಲೆಗೆ ಸಿಲುಕಿ ಬೀಳುವ ಸಂಭವ ಇಲ್ಲಿಯೇ ಹೆಚ್ಚು.

ಇಂತಹ ನೀರಿಗೆ ಮೊದಲು ಬೇಕಾದುದು ಅಗಲ. ಸ್ಪರ್ಧೆಯ ಒಂಟಿ ಹಲಗೆಯು ಮುಂಗಾಲಿನ ಕೆಳಗೆ ಸಾಧಾರಣವಾಗಿ 7 ಅಂಗುಲಕ್ಕಿಂತ ಕಿರಿದಾಗಿರುತ್ತದೆ. ಅದು ವೇಗವಿದ್ದಾಗ ಮಾತ್ರ ನೀರಿನ ಮೇಲೆ ತೇಲಿ ನಿಲ್ಲುತ್ತದೆ. ಕದಡಿದ ನೀರಿನಲ್ಲಿ ಆ ವೇಗವೇ ಅಪಾಯ. 7 ಅಂಗುಲ ಮೀರಿದ ಅಗಲದ ಹಲಗೆಯಾದರೆ ಗಂಟೆಗೆ 40–45 ಕಿಲೋಮೀಟರಿನಲ್ಲಿಯೂ ಆಧಾರ ನೀಡುತ್ತದೆ. ಉದ್ದದಲ್ಲಿಯೂ ಅಷ್ಟೆ: ಸವಾರನ ತೂಕಕ್ಕೆ ಹೇಳಿದ ಅಳತೆಗಿಂತ ಒಂದು ಅಳತೆ ಹೆಚ್ಚಿನದೇ ಲೇಸು. ವಾಟರ್ ಸ್ಕೀಯ ಮೂಲವೂ ಇದನ್ನೇ ಹೇಳುತ್ತದೆ. 1922ರಲ್ಲಿ ಅಮೆರಿಕದ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ತರುಣನು ಮಿನ್ನೆಸೋಟದ ಪೆಪಿನ್ ಸರೋವರದಲ್ಲಿ ಮೊದಲ ಬಾರಿಗೆ ನೀರಿನ ಮೇಲೆ ನಿಂತು ಸಾಗಿದಾಗ ಅವನ ಕಾಲ ಕೆಳಗಿದ್ದುದು 8 ಅಡಿ ಉದ್ದ, 9 ಅಂಗುಲ ಅಗಲದ ಪೈನ್ ಮರದ ಎರಡು ಹಲಗೆಗಳು. ಮಿಸ್ಸಿಸಿಪ್ಪಿ ನದಿಯು ಹರವಾಗಿ ಹರಡಿಕೊಂಡು ಆದ ಸರೋವರ ಅದು.

ಎರಡನೆಯದು ಹಲಗೆಯ ತಳ. ಇಡೀ ಅಗಲಕ್ಕೆ ದೊನ್ನೆಯಂತೆ ಒಳಬಾಗಿದ ತಳವು ನೀರನ್ನು ಬಿಗಿಯಾಗಿ ಹಿಡಿಯುವುದರಿಂದ ತಿರುವಿನಲ್ಲಿ ಚುರುಕು ಹೆಚ್ಚು. ಆದರೆ ಅಲೆಯ ಪ್ರತಿ ಏಟನ್ನೂ ಕಾಲಿಗೆ ಮುಟ್ಟಿಸುತ್ತದೆ. ನಡುವೆ ಮಾತ್ರ ಕಿರಿದಾದ ಕಾಲುವೆಯಿದ್ದು, ಎರಡೂ ಪಕ್ಕ ಚಪ್ಪಟೆಯಾಗಿ, ಅಂಚುಗಳು ದುಂಡಗಿರುವ ಹಲಗೆಯು ತುಸು ನಿಧಾನ, ಆದರೆ ಕ್ಷಮಾಶೀಲ. ಇನ್ನು ಬಿಗುಪಿನ ವಿಷಯ. ಇಂಗಾಲದ ನಾರಿನಿಂದಾದ ಹಲಗೆಯು ಹಗುರ ಮತ್ತು ಬಿರುಸು. ನಯವಾದ ನೀರಿನಲ್ಲಿ ಅದಕ್ಕೆ ಎಣೆಯಿಲ್ಲ. ಒರಟು ನೀರಿನಲ್ಲಿ ಅದು ತಗಡಿನಂತೆ ಅದುರುತ್ತದೆ. ಗಾಜಿನ ನಾರಿನ, ತುಸು ಬಾಗುವ, ಕೈಗೆ ಭಾರವೆನಿಸುವ ಹಲಗೆಯು ಅದುರನ್ನು ತನ್ನಲ್ಲಿಯೇ ಇಂಗಿಸಿಕೊಳ್ಳುತ್ತದೆ. ಹೆಚ್ಚಿನ ಹಣ ಕೊಟ್ಟು ಕೊಳ್ಳುವ ಹಗುರತನವೇ ಇಲ್ಲಿ ದೋಷವಾಗುವುದರಿಂದ, ಅಗ್ಗದ ಹಲಗೆಯನ್ನು ಧೈರ್ಯವಾಗಿ ಕೊಳ್ಳಬಹುದಾದ ಅಪರೂಪದ ಸಂದರ್ಭ ಇದು. ಒಳ್ಳೆಯ ಸ್ಥಿತಿಯಲ್ಲಿರುವ ಬಳಸಿದ ಹಲಗೆಯೂ ಆಗಬಹುದು.

ಬಾಡಿಗೆಯ ವ್ಯವಹಾರಕ್ಕಾದರೆ ಮೊದಲ ಖರೀದಿ ಒಂಟಿ ಹಲಗೆಯಾಗಿರದೆ ಜೋಡಿ ಹಲಗೆಯಾಗಿರಬೇಕು. ಜೋಡಿಯ ಒಂದರಲ್ಲಿ ಹಿಂಗಾಲಿಗೂ ಪಟ್ಟಿಯಿದ್ದರೆ ಕಲಿತವರು ಅದರ ಮೇಲೆ ಒಂಟಿಯಾಗಿಯೂ ಸಾಗಬಹುದು. ಪಾದದ ಪಟ್ಟಿ ಹಿಗ್ಗಿಸಲು ಕುಗ್ಗಿಸಲು ಬರುವಂತಿರಲಿ. ಬಿದ್ದಾಗ ಪಾದ ಕಳಚಿಕೊಳ್ಳಲೇಬೇಕು. ಒಂಟಿ ಹಲಗೆಯಲ್ಲಿ ಎರಡು ಬಿಗಿ ಬೂಟುಗಳಿದ್ದು, ಬಿದ್ದಾಗ ಒಂದು ಪಾದ ಮಾತ್ರ ಹೊರಬಂದರೆ ಉಳಿದ ಕಾಲು ತಿರುಚಿಕೊಳ್ಳುತ್ತದೆ. ಹಲಗೆಯ ಹಿಂತಳದ ರೆಕ್ಕೆಯು ಬಿಚ್ಚಿ ಜೋಡಿಸುವಂಥದಾಗಿರಬೇಕೆಂಬುದಕ್ಕೆ ಸ್ಥಳೀಯ ಕಾರಣವಿದೆ: ಕೆರೆಯಂಗಳಗಳಲ್ಲಿ ಬೆಳೆದ ಜಾಲಿ ಮರಗಳ ಬೊಡ್ಡೆಗಳು ನೀರಿನಡಿ ಅಡಗಿರುತ್ತವೆ. ಬೇಸಗೆಯಲ್ಲಿ ಬತ್ತಿದ ಅಂಗಳವನ್ನು ನಡೆದು ನೋಡಿ ಬೊಡ್ಡೆಗಳನ್ನು ಗುರುತಿಸದೆ, ಎರಡು ಮೀಟರ್ ಆಳದ ಗೆರೆಗೆ ತೇಲುಬುರುಡೆ ಕಟ್ಟದೆ ದೋಣಿಯನ್ನು ಇಳಿಸುವವನು ಉದ್ಯಮಿಯಲ್ಲ, ಜೂಜುಗಾರ.

ಯಾವ ಕೆರೆ ಎಂಬ ಪ್ರಶ್ನೆಯನ್ನು ತೇಲಿಸಿಬಿಡುವಂತಿಲ್ಲ. ಕಣ್ಣಿಗೆ ಮೊದಲು ಬೀಳುವ ಬೇತಮಂಗಲದ ಕೆರೆಯು ಇಪ್ಪತ್ತನೆಯ ಶತಮಾನದ ಆರಂಭದಿಂದ ಗಣಿ ಪಟ್ಟಣದ ಬಾಯಾರಿಕೆ ತಣಿಸಿದ್ದು. ಯರಗೋಳ್ ಕೋಲಾರ, ಬಂಗಾರಪೇಟೆ, ಮಾಲೂರುಗಳ ಕುಡಿಯುವ ನೀರಿಗೆಂದೇ ಕಟ್ಟಿದ್ದು. ಇಂಧನದ ಒಂದು ಪಾಲನ್ನು ಉರಿಸದೆಯೇ ನೀರಿಗೆ ಬಿಡುವ ಹಳೆಯ ಎರಡು ಸ್ಟ್ರೋಕ್ ಎಂಜಿನ್ನುಗಳಿಗೆ ಅಲ್ಲಿ ಎಡೆ ಸಿಗಬಾರದು. ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ 2018ರಿಂದ ಹರಿದುಬರುತ್ತಿರುವ ನೀರು ಎರಡು ಹಂತ ಮಾತ್ರ ಸಂಸ್ಕರಿಸಿದ್ದು, ಅಂತರ್ಜಲ ಮರುಪೂರಣಕ್ಕೆ ಮೀಸಲಾದದ್ದು. ಬಿದ್ದಾಗಲೆಲ್ಲ ಬಾಯಿಗೆ ನೀರು ಹೋಗುವ ಆಟ ಅದರಲ್ಲಿ ಸಲ್ಲದು. ಬಂಗಾರಪೇಟೆಯ ಪಾನಿಪುರಿಯ ತಿಳಿನೀರನ್ನು ಮೆಚ್ಚುವ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿಯುವುದು ಮಳೆನೀರನ್ನೇ ನಂಬಿದ ಕೆರೆಗಳು. 40 ಹೆಕ್ಟೇರಿಗೆ ಮೇಲ್ಪಟ್ಟ ಅಚ್ಚುಕಟ್ಟಿನ ಕೆರೆಯಾದರೆ ಸಣ್ಣ ನೀರಾವರಿ ಇಲಾಖೆಯ ಬಾಗಿಲು ತಟ್ಟಬೇಕು; ಅಚ್ಚುಕಟ್ಟಿನ ರೈತರ ಹಾಗೂ ಮೀನುಗಾರರ ಒಪ್ಪಿಗೆಯೂ ಬೇಕು.

ದೋಣಿಯಿಲ್ಲದ ಮಾರ್ಗವೂ ಒಂದುಂಟು. ಜರ್ಮನಿಯ ಬ್ರೂನೋ ರಿಕ್ಸೆನ್ 1960ರ ಸುಮಾರಿಗೆ ರೂಪಿಸಿದ ಏರ್ಪಾಟಿನಲ್ಲಿ ಗೋಪುರಗಳ ನಡುವೆ ವಿದ್ಯುತ್ ಮೋಟಾರಿನಿಂದ ಓಡುವ ಉಕ್ಕಿನ ಹಗ್ಗವೇ ಸವಾರನನ್ನು ಎಳೆಯುತ್ತದೆ. ನೀರಿಗೆ ಎಣ್ಣೆ ಸೇರದು, ದೋಣಿಯ ಅಲೆಯೂ ಏಳದು. ಗಾಳಿಯ ಅಲೆಯನ್ನಷ್ಟೇ ಎದುರಿಸಬೇಕು, ಅದಕ್ಕೂ ಮೇಲೆ ಹೇಳಿದ ಅಗಲದ ಹಲಗೆಯೇ ತಕ್ಕುದು. ಮೂರು ಕಿಲೋಮೀಟರಿಗೂ ಮಿಕ್ಕ ಆಳದಿಂದ ಉಕ್ಕಿನ ಹಗ್ಗದಲ್ಲಿ ಜನರನ್ನೂ ಅದಿರನ್ನೂ ಮೇಲೆತ್ತಿದ ಊರಿಗೆ ಇಂತಹ ಯಂತ್ರವನ್ನು ನಿಲ್ಲಿಸುವುದು ಅಪರಿಚಿತ ವಿದ್ಯೆಯೇನಲ್ಲ. ಬೆಮೆಲ್ ಕಾರ್ಖಾನೆಯ ಆಸರೆಯಲ್ಲಿ ಬೆಳೆದ ಕೆಜಿಎಫ್‌ನ ಸಣ್ಣ ಕೈಗಾರಿಕೆಗಳು ಇದರ ಅಂದಾಜು ವೆಚ್ಚವನ್ನು ಒಮ್ಮೆ ಲೆಕ್ಕಹಾಕಿ ನೋಡಬಹುದು. ಅಲ್ಲಿಯವರೆಗೆ, ಕೊಳ್ಳಲಿಚ್ಛಿಸುವವರು ಎರಡು ಜೋಡಿ ಹಲಗೆಗಳನ್ನಷ್ಟೇ ತರಿಸಿ, ಅವುಗಳನ್ನು ಪರೀಕ್ಷಿಸಲು ಜನವರಿಯ ಮುಂಜಾನೆಗೆ ಬದಲು ಆಷಾಢದ ಒಂದು ಸಂಜೆಯನ್ನು ಆರಿಸಿಕೊಳ್ಳಲಿ.