ಒಂದೇ ತಟ್ಟೆಯ ಊಟ

ಊಟದ ವಿಷಯದಲ್ಲಿ ನಮ್ಮ ತುಳುನಾಡಿನವರಂಥ ಉದಾರಿಗಳು ಬೇರೆಲ್ಲಿಯೂ ಇಲ್ಲವೆಂದು ನಾನು ಬಹುಕಾಲ ನಂಬಿದ್ದೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ನಿತ್ಯವೂ ಸಾವಿರಾರು ಜನ ಉಣ್ಣುತ್ತಾರೆ. ಬಂಟ್ವಾಳದ ಕಡೆಯ ಕೋಲವಿರಲಿ, ಮೂಡುಬಿದಿರೆಯ ಮದುವೆಯಿರಲಿ, ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳುಹಿಸುವ ವಾಡಿಕೆ ನಮ್ಮಲ್ಲಿಲ್ಲ. ಈ ಅಭಿಮಾನಕ್ಕೆ ಮೊದಲ ಪೆಟ್ಟು ಬಿದ್ದುದು ಊರಿನಿಂದ ಬಹುದೂರದಲ್ಲಿ, ಅಮೆರಿಕದ ವಾಷಿಂಗ್ಟನ್ನಿಗೆ ಹೊಂದಿಕೊಂಡಿರುವ ಸಿಲ್ವರ್ ಸ್ಪ್ರಿಂಗ್ ಎಂಬಲ್ಲಿನ ಒಂದು ಸಾಮಾನ್ಯ ಇಥಿಯೋಪಿಯನ್ ಹೋಟೆಲಿನಲ್ಲಿ.

ನಿವೃತ್ತನಾದ ಮೇಲೆ ಮಗನ ಮನೆಗೆ ಹೋಗಿದ್ದೆ. 1974ರ ಕ್ರಾಂತಿಯ ತರುವಾಯ ದೇಶ ಬಿಟ್ಟ ಇಥಿಯೋಪಿಯದವರು ಅನೇಕರು ಆ ಪ್ರಾಂತದಲ್ಲಿ ನೆಲೆಸಿದ್ದಾರೆ. ಮಗ ನನ್ನನ್ನೂ ತನ್ನ ಗೆಳೆಯನನ್ನೂ ಊಟಕ್ಕೆ ಕರೆದೊಯ್ದ. ಗೆಳೆಯ ಬೆಳ್ತಂಗಡಿಯ ಹುಡುಗ. ಅವನ ಅಜ್ಜ ಪರರ ತೋಟದಲ್ಲಿ ಕೂಲಿ ಮಾಡಿದವರೆಂದು ದಾರಿಯಲ್ಲಿ ತಾನಾಗಿಯೇ ಹೇಳಿದ್ದ. ಹೋಟೆಲಿನ ಒಡತಿ ವಯಸ್ಸಾದ ಹೆಂಗಸು. ನಾವು ಭಾರತದವರೆಂದು ತಿಳಿದೊಡನೆ ಅವಳ ಮುಖ ಅರಳಿತು. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ನಮ್ಮ ದೇಶದ ಎಷ್ಟೋ ಉಪಾಧ್ಯಾಯರು ಅಲ್ಲಿಯ ಶಾಲೆಗಳಲ್ಲಿ ಪಾಠ ಹೇಳಿದ್ದರಷ್ಟೆ. ಅವಳಿಗೆ ಗಣಿತ ಕಲಿಸಿದವರೂ ಅಂಥವರಲ್ಲೊಬ್ಬರಂತೆ.

ಅಂದು ಶುಕ್ರವಾರ. ಅಲ್ಲಿಯ ಕ್ರೈಸ್ತರಿಗೆ ಬುಧವಾರ, ಶುಕ್ರವಾರಗಳು ಉಪವಾಸದ ದಿನಗಳು; ಮಾಂಸವಿಲ್ಲ, ಹಾಲು ಬೆಣ್ಣೆಯೂ ಇಲ್ಲ. ನಮ್ಮ ಮೂಡುಬಿದಿರೆಯ ಜೈನರ ವ್ರತಗಳನ್ನು ನೆನೆದು ನನಗೆ ಸಮಾಧಾನವಾಯಿತು. ಟೆಫ್ ಎಂಬ ಕಿರುಧಾನ್ಯದ ಹಿಟ್ಟನ್ನು ದಿನಗಟ್ಟಲೆ ಹುಳಿಬರಿಸಿ, ಅಗಲವಾದ ಕಾವಲಿಯ ಮೇಲೆ ಹೊಯ್ದು, ಮುಚ್ಚಿ, ಒಂದೇ ಮಗ್ಗುಲು ಬೇಯಿಸುವ ‘ಇಂಜೆರಾ’ ನೋಡಲು ನಮ್ಮ ಓಡುದೋಸೆಯ ದೊಡ್ಡಕ್ಕನಂತಿತ್ತು, ಮೈತುಂಬ ಕಣ್ಣು. ಅದರ ಮೇಲೆ ಬೇಳೆ, ಕಡಲೆಹಿಟ್ಟಿನ ಗೊಜ್ಜು, ಸೊಪ್ಪು, ಎಲೆಕೋಸಿನ ಪಲ್ಯಗಳ ರಾಶಿಗಳು. ರಾಗಿಯ ಮೂಲನೆಲೆಯೂ ಆ ಪೂರ್ವ ಆಫ್ರಿಕದ ಎತ್ತರದ ನಾಡೇ. ಚಾರ್ಮಾಡಿ ಘಾಟಿಯಿಳಿದು ನಮ್ಮಲ್ಲಿಗೆ ಬರುವ ಕಾಫಿಯ ತವರೂ ಅದೇ. ಆದುದರಿಂದ ರುಚಿಯಲ್ಲಿ ಪರಕೀಯತೆ ತೋರಲಿಲ್ಲ. ತೊಡಕಾದುದು ಬೇರೆ. ಮೂವರಿಗೂ ಬಂದದ್ದು ಒಂದೇ ತಟ್ಟೆ.

ಹುಡುಗರಿಬ್ಬರೂ ಕೈ ನೀಡಿದರು. ನಾನು ಯೋಚಿಸುವುದಕ್ಕೂ ಮುನ್ನ ನನ್ನ ಬಾಯಿ, “ನನಗೊಂದು ಬೇರೆ ತಟ್ಟೆ” ಎಂದಿತು. ಬೆಳ್ತಂಗಡಿಯ ಹುಡುಗ ನೀಡಿದ ಕೈಯನ್ನು ಮೆಲ್ಲನೆ ಹಿಂದಕ್ಕೆಳೆದುಕೊಂಡ. ಮಗ ತಲೆ ತಗ್ಗಿಸಿದ. ಒಡತಿ ಮಾತ್ರ ಕನಿಕರದಿಂದ, “ತಮಗೆ ಮೈಯಲ್ಲಿ ಸ್ವಸ್ಥವಿಲ್ಲವೇ?” ಎಂದು ಕೇಳಿದಳು. ಬೇರೆ ತಟ್ಟೆ ಬೇಡುವುದಕ್ಕೆ ಕಾಯಿಲೆಯಲ್ಲದೆ ಮತ್ತೊಂದು ಕಾರಣ ಅವಳಿಗೆ ಹೊಳೆಯಲಿಲ್ಲ.

ಎಂಜಲಿನ ಅಂಜಿಕೆಯೆಂದು ನಾನು ಹೇಳಬಹುದಿತ್ತು; ಅದು ಅರ್ಧ ಸತ್ಯವಾಗುತ್ತಿತ್ತು. ಮಗನೊಬ್ಬನೇ ಇದ್ದಿದ್ದರೆ ಆ ಮಾತು ನನ್ನ ಬಾಯಿಂದ ಬರುತ್ತಿತ್ತೇ? ಬಾಲ್ಯದಲ್ಲಿ ನಮ್ಮ ಮನೆಯ ಆಳಿಗೆ ಅಂಗಳದ ಅಂಚಿನಲ್ಲಿ, ಅಡಕೆಯ ಹಾಳೆಯಲ್ಲಿ ಗಂಜಿ ಹೊಯ್ಯುತ್ತಿದ್ದರು, ನೀರು ಗೆರಟೆಯಲ್ಲಿ. ಅವನ ಹೊಟ್ಟೆ ತುಂಬುವಷ್ಟು ಹೊಯ್ಯುತ್ತಿದ್ದರೆಂಬುದೂ ನಿಜವೇ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಹೋಟೆಲಿನಿಂದ ಯಾರನ್ನೂ ಹೊರಗಿಡಬಾರದೆಂದಿತು. ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಇನ್ನೊಂದು ಕಾಯಿದೆ ಮಾಡಬೇಕಾಯಿತು. ಆದರೆ ಮನೆಯ ಜಗಲಿಯಿಂದ ಊಟದ ಕೋಣೆಯವರೆಗಿನ ಹತ್ತು ಹೆಜ್ಜೆಯ ದಾರಿಗೆ ಯಾವ ಸರಕಾರವೂ ಕಾಯಿದೆ ಮಾಡಲಾರದು.

ನಾನು ಆ ಬೇರೆ ತಟ್ಟೆಯನ್ನು ಬದಿಗೆ ಸರಿಸಿ, “ಬಾ ಮಗಾ, ನೀನು ತಿನ್ನದೆ ನಾನು ತಿನ್ನುವುದಿಲ್ಲ” ಎಂದೆ. ಅವನು ಒಂದು ಕ್ಷಣ ತಡೆದು, “ಪರವಾಗಿಲ್ಲ ಮಾಸ್ಟ್ರೇ” ಎಂದು ಕೈ ನೀಡಿದ. ಆ ‘ಪರವಾಗಿಲ್ಲ’ ಇಂದಿಗೂ ನನ್ನನ್ನು ಚುಚ್ಚುತ್ತದೆ. ಅದನ್ನು ಹೇಳಿ ಅವನಿಗೆ ಚೆನ್ನಾಗಿ ರೂಢಿಯಿದ್ದಂತೆ ತೋರಿತು. ಪಕ್ಕದ ಮೇಜಿನಲ್ಲಿ ಒಬ್ಬ ಮುದುಕ ತುತ್ತು ಕಟ್ಟಿ ಎದುರಿಗಿದ್ದವನ ಬಾಯಿಗಿಡುತ್ತಿದ್ದ. ಅದಕ್ಕೆ ಅವರಲ್ಲಿ ‘ಗುರ್ಷಾ’ ಎನ್ನುತ್ತಾರೆ. ಪ್ರೀತಿಯ, ಗೌರವದ ಗುರುತು. ಅಷ್ಟು ಮಾಡುವ ಧೈರ್ಯ ನನಗೆ ಬರಲಿಲ್ಲ.

ತುಳುನಾಡಿನವರೆಲ್ಲ ಒಂದೇ ತಟ್ಟೆಯಲ್ಲಿ ಉಣ್ಣಬೇಕೆಂದು ನಾನು ಹೇಳಹೊರಟಿಲ್ಲ. ಅವರವರ ಬಾಳೆಲೆ ಅವರವರಿಗಿರಲಿ. ಅದು ಶುಚಿಯೂ ಹೌದು, ಚೆಲುವೂ ಹೌದು. ಇಥಿಯೋಪಿಯದಲ್ಲಿ ಮೇಲುಕೀಳುಗಳಿಲ್ಲವೆಂಬ ಭ್ರಮೆಯೂ ನನಗಿಲ್ಲ. ನನ್ನ ಮಾತು ಇಷ್ಟೇ: ಉಣಿಸುವುದರಲ್ಲಿ ನಾವು ದೊಡ್ಡವರು, ಕೂಡಿ ಉಣ್ಣುವುದರಲ್ಲಿ ಇನ್ನೂ ಎಳೆಯರು. ಉಣಿಸುವವನ ಕೈ ಮೇಲಿರುತ್ತದೆ. ಕೂಡಿ ಉಣ್ಣುವಾಗ ಕೈಗಳೆಲ್ಲ ಒಂದೇ ಮಟ್ಟದಲ್ಲಿರುತ್ತವೆ. ಅದಕ್ಕೇ ಮೊದಲನೆಯದು ನಮಗೆ ಸುಲಭವಾಗಿರಬೇಕು.

ಮೂಡುಬಿದಿರೆಗೆ ಮರಳಿದ ಮೇಲೆ, ತೆಂಗಿನಕಾಯಿ ಕೊಯ್ಯುವವನಿಗೆಂದು ಜಗಲಿಯ ಕಿಟಕಿಯಲ್ಲಿ ಬೇರೆಯಾಗಿ ಇಟ್ಟಿದ್ದ ಸ್ಟೀಲಿನ ತಟ್ಟೆ ನನ್ನ ಕಣ್ಣಿಗೆ ಬಿತ್ತು. ಎಷ್ಟು ವರ್ಷಗಳಿಂದ ಅಲ್ಲಿತ್ತೋ! ಅದನ್ನು ಒಳಗಿನ ತಟ್ಟೆಗಳೊಡನೆ ಸೇರಿಸಿ, ಅವನನ್ನು ಊಟದ ಮೇಜಿಗೆ ಕರೆದೆ. “ಇಲ್ಲಿಯೇ ಸಾಕು ಧಣಿ” ಎಂದು ಅವನು ಜಗಲಿಯಲ್ಲೇ ಕುಳಿತ. ನಾನೂ ನನ್ನ ತಟ್ಟೆಯನ್ನೆತ್ತಿಕೊಂಡು ಹೊರಗೆ ಹೋಗಿ ಅವನ ಪಕ್ಕದಲ್ಲಿ ಕುಳಿತೆ. ಇಬ್ಬರಿಗೂ ಮಾತು ಹೊರಡಲಿಲ್ಲ, ಊಟವೇನೋ ಆಯಿತು. ಮುಂದಿನ ಕೊಯ್ಲಿಗೆ ಮತ್ತೆ ಕರೆಯಬೇಕು.