ಮುಕ್ತ ತಂತ್ರಾಂಶಕ್ಕೆ ಅಳಿಲು ಸೇವೆ

ಗೌರಿಬಿದನೂರಿನ ಬಯಲಿನಲ್ಲಿ ಸಾಲಾಗಿ ನಿಂತ ಆಂಟೆನಾಗಳನ್ನು ಆ ಭಾಗದ ಅನೇಕರು ನೋಡಿರಬಹುದು. ಅಲ್ಲಿನ ರೇಡಿಯೊ ವೀಕ್ಷಣಾಲಯದಲ್ಲಿ 1976ರಿಂದಲೂ ಆಕಾಶದ ರೇಡಿಯೊ ಅಲೆಗಳ ಅಧ್ಯಯನ ನಡೆದುಬಂದಿದೆ. ಸೂರ್ಯನಲ್ಲಿ ಸ್ಫೋಟಗಳಾದಾಗ ಹೊಮ್ಮುವ ಅಲೆಗಳನ್ನು 'ಕ್ಯಾಲಿಸ್ಟೊ' ಎಂಬ ಪುಟ್ಟ ಉಪಕರಣ ದಾಖಲಿಸುತ್ತದೆ. ಹಲವು ದೇಶಗಳ ಇಂತಹ ಉಪಕರಣಗಳು ಸೇರಿ 'ಇ-ಕ್ಯಾಲಿಸ್ಟೊ' ಎಂಬ ಜಾಲವಾಗಿದೆ. ಗೌರಿಬಿದನೂರಿನ ದಾಖಲೆಗಳೂ ಅದರಲ್ಲಿವೆ. ಅವನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು.

ಆದರೆ ದಾಖಲೆ ಕೈಗೆ ಬಂದರೆ ಸಾಲದು. ಅದನ್ನು ಚಿತ್ರವಾಗಿಸಿ ಓದಲು ತಂತ್ರಾಂಶ ಬೇಕು. 'ಪೈಕ್ಯಾಲಿಸ್ಟೊ' ಇದಕ್ಕೆಂದೇ ಇಬ್ಬರು ಭಾರತೀಯರು ರೂಪಿಸಿದ ತಂತ್ರಾಂಶ. ಸೂರ್ಯನ ಅಧ್ಯಯನಕ್ಕೆಂದು ಅಮೆರಿಕದ ನಾಸಾ ಕೇಂದ್ರವೊಂದರಲ್ಲಿ 2011ರಲ್ಲಿ ಮೊಳೆತ 'ಸನ್‌ಪೈ' ಇನ್ನೊಂದು. ಎರಡೂ ಪೈಥಾನ್ ಭಾಷೆಯಲ್ಲಿವೆ. ಎರಡೂ ಮುಕ್ತ ತಂತ್ರಾಂಶಗಳು. ಅಂದರೆ ಅವುಗಳ ಒಳಗಿನ ಸಾಲುಗಳನ್ನು ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ತಿದ್ದಿ ಕಳುಹಿಸಬಹುದು.

ಚಿಂತಾಮಣಿಯ ಡಿಪ್ಲೊಮಾ ವಿದ್ಯಾರ್ಥಿಯೊಬ್ಬ ಅಥವಾ ಶಿಡ್ಲಘಟ್ಟದ ಬಿಎಸ್ಸಿ ಓದುವ ಹುಡುಗಿಯೊಬ್ಬಳು ಇಂತಹ ತಂತ್ರಾಂಶವನ್ನು ತಿದ್ದಲು ಸಾಧ್ಯವೇ? ಖಂಡಿತ ಸಾಧ್ಯ. ಆದರೆ ಅದಕ್ಕೊಂದು ಕ್ರಮವಿದೆ.

ಮೊದಲ ಕೆಲಸ, ಆ ತಂತ್ರಾಂಶವನ್ನು ಬಳಸುವುದು. ಅಡುಗೆಯ ರುಚಿ ನೋಡದೆ ಉಪ್ಪು ಹಾಕಬಾರದು. ಬಳಸುವಾಗಲೇ ಅದರ ಕುಂದುಗಳು ಕಾಣುತ್ತವೆ. ಎರಡನೆಯದು, ಜೊತೆಗಿರುವ ಪರಿಚಯ ಪತ್ರ, ಪರವಾನಗಿ ಹಾಗೂ ಕೊಡುಗೆಯ ನಿಯಮಗಳನ್ನು ಓದುವುದು. ಮೂರನೆಯದು, ದೋಷಗಳ ಪಟ್ಟಿಯನ್ನು ನೋಡುವುದು. ಹೊಸಬರಿಗೆ ತಕ್ಕ ಸಣ್ಣ ಕೆಲಸಗಳಿಗೆ ಎಷ್ಟೋ ಕಡೆ ಪ್ರತ್ಯೇಕ ಗುರುತು ಹಾಕಿರುತ್ತಾರೆ. ಪಟ್ಟಿಯಲ್ಲಿಲ್ಲದ ದೋಷ ಕಂಡರೆ, ಏನು ಮಾಡಿದಾಗ ಏನಾಯಿತು, ಏನಾಗಬೇಕಿತ್ತು ಎಂದು ಸ್ಪಷ್ಟವಾಗಿ ಬರೆದು ತಿಳಿಸಬೇಕು. ಇದೂ ಒಂದು ಕೊಡುಗೆಯೇ. ಪ್ರಯೋಗಾಲಯದ ರೆಕಾರ್ಡ್ ಪುಸ್ತಕವನ್ನು ಅಚ್ಚುಕಟ್ಟಾಗಿ ಬರೆಯುವವರಿಗೆ ಇದು ಹೊಸದೇನಲ್ಲ.

ಇನ್ನು ತಿದ್ದುವ ಕೆಲಸ. ಮೂಲಕ್ಕೆ ನೇರವಾಗಿ ಕೈ ಹಾಕುವಂತಿಲ್ಲ. ಅದರ ಪ್ರತಿಯೊಂದನ್ನು ಮಾಡಿಕೊಳ್ಳಬೇಕು. ಇದಕ್ಕೆ 'ಫೋರ್ಕ್' ಎನ್ನುತ್ತಾರೆ. ಆ ಪ್ರತಿಯಲ್ಲಿ ಒಂದು ಬಾರಿಗೆ ಒಂದೇ ದೋಷವನ್ನು ಸರಿಪಡಿಸಿ, ಪರೀಕ್ಷಿಸಿ, ಏಕೆ ತಿದ್ದಲಾಯಿತೆಂದು ನಾಲ್ಕು ಸಾಲು ಬರೆಯಬೇಕು. ಯಾರು, ಎಂದು, ಯಾವ ಸಾಲನ್ನು ಬದಲಿಸಿದರು ಎಂಬ ಲೆಕ್ಕವನ್ನು 'ಗಿಟ್' ಇಡುತ್ತದೆ. ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ ತಂತ್ರಾಂಶವಿದು. ಕೊನೆಗೆ, ತಿದ್ದಿದ್ದನ್ನು ಮೂಲಕ್ಕೆ ಸೇರಿಸಿಕೊಳ್ಳಿ ಎಂದು ಮನವಿ ಸಲ್ಲಿಸಬೇಕು. ಇದೇ 'ಪುಲ್ ರಿಕ್ವೆಸ್ಟ್'.

ಶಿಡ್ಲಘಟ್ಟದ ನೂಲು ಬಿಚ್ಚಣಿಕೆ ಮನೆಗಳಲ್ಲಿ ಗೂಡಿನ ಎಳೆ ತುಂಡಾದಾಗ ಕೆಲಸಗಾರರು ಹೊಸ ಎಳೆಯ ತುದಿಯನ್ನು ಓಡುತ್ತಿರುವ ನೂಲಿಗೆ ಸೇರಿಸುತ್ತಾರೆ. ಜೋಡಣೆ ಒರಟಾದರೆ ಇಡೀ ನೂಲಿನ ಬೆಲೆ ಇಳಿಯುತ್ತದೆ. ಇಲ್ಲಿಯೂ ಹಾಗೆಯೇ. ಆದ್ದರಿಂದ ತಂತ್ರಾಂಶವನ್ನು ನೋಡಿಕೊಳ್ಳುವವರು ಪ್ರತಿ ಸಾಲನ್ನೂ ಪರಿಶೀಲಿಸಿ, 'ಇದು ಹೀಗಿರಲಿ, ಅದು ಬೇಡ' ಎಂದು ಹಿಂದಿರುಗಿಸುವುದುಂಟು. ಹೊಸಬರು ಎದೆಗುಂದುವುದು ಇಲ್ಲಿಯೇ. ಕೆಂಪು ಶಾಯಿಯ ಗುರುತು ಅವಮಾನವಲ್ಲ, ಪಾಠ. ದುಡ್ಡು ತೆಗೆದುಕೊಳ್ಳದೆ ಅನುಭವಿಗಳು ಹೇಳಿಕೊಡುವ ಪಾಠ.

ಹೆಸರಿನ ಆಸೆಗೆ ಮಾಡಿದ ಕೆಲಸ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 2020ರ ಅಕ್ಟೋಬರ್‌ನಲ್ಲಿ, ನಾಲ್ಕು ಪುಲ್ ರಿಕ್ವೆಸ್ಟ್ ಕಳುಹಿಸಿದವರಿಗೆ ಟೀ ಷರ್ಟ್ ಕೊಡುವ 'ಹ್ಯಾಕ್ಟೋಬರ್‌ಫೆಸ್ಟ್' ನಡೆಯಿತು. ಟೀ ಷರ್ಟಿನ ಆಸೆಗೆ ಅಲ್ಲೊಂದು ಇಲ್ಲೊಂದು ಪದ ಸೇರಿಸಿ ಕಳುಹಿಸಿದ ನಿರುಪಯುಕ್ತ ತಿದ್ದುಪಡಿಗಳ ರಾಶಿಯೇ ಬಿದ್ದಿತು. ಸಂಘಟಕರು ಕೆಲವೇ ದಿನಗಳಲ್ಲಿ ನಿಯಮ ಬದಲಿಸಬೇಕಾಯಿತು. ಇಂದು ಕೃತಕ ಬುದ್ಧಿಮತ್ತೆಯಿಂದ ಬರೆಸಿ ಕಳುಹಿಸುವ ಆಮಿಷವೂ ಇದೆ. ತಾನು ವಿವರಿಸಲಾರದ ಒಂದು ಸಾಲನ್ನೂ ಕಳುಹಿಸದಿರುವುದೇ ಒಳ್ಳೆಯ ನಿಯಮ.

ಪೋಷಕರಿಗೊಂದು ಮಾತು. 'ಇದರಿಂದ ಅಂಕ ಬರುತ್ತದೆಯೇ?' ಎಂದು ಕೇಳುವುದು ಸಹಜ. ಅಂಕ ಬಾರದು. ಶುಲ್ಕವೂ ಇಲ್ಲ, ಕಾಲೇಜಿನ ಗಣಕಯಂತ್ರವೇ ಸಾಕು. ಬದಲಿಗೆ ಮಗ ಅಥವಾ ಮಗಳು ಮಾಡಿದ ಕೆಲಸ ಅವರ ಹೆಸರಿನಲ್ಲಿಯೇ ಎಲ್ಲರೂ ನೋಡುವಂತೆ ಉಳಿಯುತ್ತದೆ. 18 ವರ್ಷ ತುಂಬಿದವರಿಗೆ ಗೂಗಲ್ ಸಂಸ್ಥೆ 2005ರಲ್ಲಿ ಆರಂಭಿಸಿದ 'ಸಮ್ಮರ್ ಆಫ್ ಕೋಡ್' ಯೋಜನೆಯಲ್ಲಿ ಇಂತಹ ಕೆಲಸಕ್ಕೆ ಗೌರವಧನವೂ ಉಂಟು. ಸನ್‌ಪೈ ಕೂಡ ಇದರಲ್ಲಿ ಪಾಲ್ಗೊಂಡಿದೆ. ತಿದ್ದುಪಡಿ ಕಳುಹಿಸಿದವರ ಊರು ಯಾವುದು, ಇಂಗ್ಲಿಷ್ ಎಷ್ಟು ಚೆನ್ನಾಗಿದೆ, ಶಿಫಾರಸು ಯಾರದು ಎಂದು ಅಲ್ಲಿ ಕೇಳುವುದಿಲ್ಲ. ತಿದ್ದಿದ ಸಾಲು ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದಷ್ಟೇ ನೋಡುತ್ತಾರೆ.

ಸೇತುವೆ ಕಟ್ಟುವಾಗ ಅಳಿಲು ತಂದದ್ದು ಹಿಡಿ ಮರಳು ಮಾತ್ರ. ಗೌರಿಬಿದನೂರಿನಲ್ಲಿ ದಾಖಲಾದ ಸೂರ್ಯನ ಸುದ್ದಿಯನ್ನು ಓದುವ ತಂತ್ರಾಂಶದಲ್ಲಿ, ಅದೇ ತಾಲ್ಲೂಕಿನ ವಿದ್ಯಾರ್ಥಿ ತಿದ್ದಿದ ಒಂದು ಸಾಲಿದ್ದರೆ ಅದೂ ಸೇತುವೆಯ ಭಾಗವೇ.